ಕರು ಎಳೆಯುವ ಮುನ್ನ ಗರ್ಭಕಂಠವನ್ನು ಅರಿಯಿರಿ



ರಾತ್ರಿ ಒಂದು ಗಂಟೆ ಎಂದುಕೊಳ್ಳಿ. ನಿಮ್ಮ ಚೊಚ್ಚಲ ಕಡಸು ಸಂಜೆಯಿಂದ ಎದ್ದು ಮಲಗಿ ಮಾಡುತ್ತಿದೆ. ಬಾಲ ಎತ್ತುತ್ತದೆ, ಹೊಟ್ಟೆಯ ಕಡೆ ತಿರುಗಿ ನೋಡುತ್ತದೆ, ಆಗಾಗ ಸ್ವಲ್ಪ ಸ್ವಲ್ಪ ಗಂಜಲ ಹಾಕುತ್ತದೆ. ನೀರಿನ ಚೀಲ ಇನ್ನೂ ಕಂಡಿಲ್ಲ. ಬ್ಯಾಟರಿ ಹಿಡಿದು ನೀವು ಕಾಯುತ್ತಾ ಕುಳಿತಿದ್ದೀರಿ. ಅಷ್ಟರಲ್ಲಿ ಎಚ್ಚರವಾದ ಪಕ್ಕದ ಮನೆಯವರು ಬಂದು, "ಇನ್ನೆಷ್ಟು ಹೊತ್ತು ಕಾಯ್ತೀಯಮ್ಮ? ಕೈ ಹಾಕಿ, ಕಾಲಿಗೆ ಹಗ್ಗ ಕಟ್ಟಿ ಎಳೆದುಬಿಡೋಣ" ಎನ್ನುತ್ತಾರೆ. ಇನ್ನೊಬ್ಬರು, "ನೋವು ಬರೋ ಇಂಜೆಕ್ಷನ್ ಒಂದು ಹಾಕಿಸಿದ್ರೆ ಆಯ್ತು" ಎನ್ನುತ್ತಾರೆ.

ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೆ ಆ ಹೊತ್ತಿನಲ್ಲಿ ಎಳೆಯಬೇಕೋ, ಕಾಯಬೇಕೋ, ಡಾಕ್ಟರಿಗೆ ಫೋನ್ ಮಾಡಬೇಕೋ ಎಂಬ ತೀರ್ಮಾನದಲ್ಲಿ ಹಸು, ಕರು ಮತ್ತು ಒಂದು ಸೂಲಿನ ಹಾಲು ಮೂರೂ ನಿಂತಿರುತ್ತವೆ. ಹಗಲೂ ರಾತ್ರಿ ಕೊಟ್ಟಿಗೆ ನೋಡಿಕೊಳ್ಳುವವರು ನೀವು. ತೀರ್ಮಾನವೂ ನಿಮ್ಮದೇ ಆಗಬೇಕು. ಅದಕ್ಕಾಗಿ ಹಸುವಿನ ಒಳಗಿರುವ ಒಂದು ಸಣ್ಣ ಅಂಗದ ಬಗ್ಗೆ ನೀವು ತಿಳಿದಿರಬೇಕು. ಅದೇ ಗರ್ಭಕಂಠ, ಅಂದರೆ ಗರ್ಭಕೋಶದ ಕೊರಳು.

ಗರ್ಭಕಂಠ ಎಲ್ಲಿದೆ, ಹೇಗಿದೆ?

ಯೋನಿಯ ದಾರಿಗೂ ಕರು ಬೆಳೆಯುವ ಗರ್ಭಕೋಶಕ್ಕೂ ನಡುವೆ ಇರುವ ಗಟ್ಟಿ ಕೊಳವೆಯೇ ಗರ್ಭಕಂಠ. ಹಸುವಿನಲ್ಲಿ ಇದು ಸುಮಾರು ಒಂದು ಗೇಣಿನ ಅರ್ಧದಷ್ಟು ಉದ್ದವಿರುತ್ತದೆ. ಒಳಗಡೆ ಒಂದರ ಹಿಂದೆ ಒಂದರಂತೆ ಮೂರು ನಾಲ್ಕು ಉಂಗುರಗಳಂಥ ಮಡಿಕೆಗಳಿವೆ. ಮುಟ್ಟಿದರೆ ಕೋಳಿಯ ಕೊರಳಿನಂತೆ ಗಟ್ಟಿಯಾಗಿ ಸಿಗುತ್ತದೆ. ಕೃತಕ ಗರ್ಭಧಾರಣೆ ಮಾಡುವಾಗ ಕಾರ್ಯಕರ್ತರು ಒಂದು ಕೈಯನ್ನು ಗುದದ್ವಾರದಲ್ಲಿ ಹಾಕಿ ಹಿಡಿದುಕೊಳ್ಳುವುದು ಇದನ್ನೇ. ಇನ್ನೊಂದು ಕೈಯಲ್ಲಿರುವ ಗನ್ ಈ ಉಂಗುರಗಳನ್ನು ಒಂದೊಂದಾಗಿ ದಾಟಿ, ಕಂಠದ ಆಚೆ ತುದಿಯಲ್ಲಿ ವೀರ್ಯವನ್ನು ಬಿಡುತ್ತದೆ.

ಹಸು ಬೆದೆಗೆ ಬಂದಾಗ ಮಾತ್ರ ಈ ಕಂಠ ಸ್ವಲ್ಪ ಸಡಿಲವಾಗುತ್ತದೆ. ಆಗ ನೀವು ನೋಡುವ, ಕನ್ನಡಿಯಂತೆ ತಿಳಿಯಾಗಿ ದಾರದಂತೆ ಜೋಲುವ ಲೋಳೆ ಅಲ್ಲಿಂದಲೂ ಬರುತ್ತದೆ. ಉಳಿದ ದಿನಗಳಲ್ಲಿ ಕಂಠ ಬಿಗಿಯಾಗಿ ಮುಚ್ಚಿರುತ್ತದೆ.

ಗಬ್ಬ ನಿಂತ ಮೇಲೆ ಅದೇ ಲೋಳೆ ಗಟ್ಟಿಯಾಗಿ, ಅಂಟಂಟಾಗಿ, ಕಂಠದೊಳಗೆ ಬಿರಡೆಯಂತೆ ಕೂರುತ್ತದೆ. ಹೊರಗಿನ ರೋಗಾಣು ಒಳಗೆ ಹೋಗದಂತೆ ತಡೆಯುವುದು ಈ ಬಿರಡೆಯೇ. ಗಬ್ಬದ ಹಸುಗಳಲ್ಲಿ ಕೆಲವು ನಡುವೆ ಬೆದೆಯ ಲಕ್ಷಣ ತೋರಿಸುವುದುಂಟು. ಹಿಂದಿನ ದಿನಾಂಕ ಹೇಳದೆ ಮತ್ತೆ ಕೃತಕ ಗರ್ಭಧಾರಣೆ ಮಾಡಿಸಿ ಗನ್ ಕಂಠ ದಾಟಿದರೆ, ಬಿರಡೆ ಒಡೆದು ಗಬ್ಬ ಹೋಗುವ ಅಪಾಯವಿದೆ. ಆದ್ದರಿಂದ ಕಾರ್ಯಕರ್ತರು ಬಂದ ಕೂಡಲೇ ಮೊದಲು ಹೇಳಬೇಕಾದದ್ದು ಹಿಂದಿನ ಬಾರಿ ಯಾವ ದಿನ ಮಾಡಿಸಿದ್ದಿರಿ ಎಂಬುದನ್ನು.

ಒಂಬತ್ತು ತಿಂಗಳು ಬೀಗ, ಒಂದು ರಾತ್ರಿ ಹೆಬ್ಬಾಗಿಲು

ಈಗ ಒಂದು ಪ್ರಶ್ನೆ. ಒಂಬತ್ತು ತಿಂಗಳು ಕರುವಿನ ಭಾರ, ಅದರ ಸುತ್ತಲಿನ ನೀರಿನ ಭಾರ ಎಲ್ಲವನ್ನೂ ತಡೆದು ನಿಲ್ಲುವ ಕೊಳವೆ ಇದು. ಒಂದು ಕಡ್ಡಿ ದಾಟಿಸುವುದಕ್ಕೂ ಅನುಭವಿ ಕೈ ಬೇಕು. ಅಂಥದ್ದು ಕರು ಹಾಕುವ ದಿನ ಕೆಲವೇ ಗಂಟೆಗಳಲ್ಲಿ, ಇಡೀ ಕರುವಿನ ತಲೆ, ಭುಜ, ಸೊಂಟ ನುಸುಳುವಷ್ಟು ಅಗಲವಾಗುತ್ತದೆ. ಇದು ಹೇಗೆ ಸಾಧ್ಯ?

ಬಹಳ ಕಾಲ ಜನ ತಿಳಿದದ್ದು, ಗರ್ಭಕೋಶ ಜೋರಾಗಿ ಹಿಂಡಿದಾಗ ಆ ಒತ್ತಡಕ್ಕೆ ಕಂಠ ತೆರೆದುಕೊಳ್ಳುತ್ತದೆ ಎಂದು. ಅಂದರೆ ಬಲ ಹಾಕಿದರೆ ಬಾಗಿಲು ತೆರೆಯುತ್ತದೆ ಎಂದು. ನಮ್ಮ ಕೊಟ್ಟಿಗೆಗಳಲ್ಲಿ "ಎಳೆದುಬಿಡೋಣ" ಎನ್ನುವವರ ಮನಸ್ಸಿನಲ್ಲಿ ಇರುವುದೂ ಇದೇ. ಇದು ಅರ್ಧ ಸತ್ಯ ಮಾತ್ರ ಎಂದು ತೋರಿಸಿಕೊಟ್ಟದ್ದು ಪ್ರಯೋಗಾಲಯದ ಇಲಿಗಳು.

ಇಲಿ ಕಲಿಸಿದ ಪಾಠ

ಇಲಿಯೇ ಏಕೆ? ಹಸುವಿನ ಗಬ್ಬ 280 ದಿನ. ಪ್ರಯೋಗಾಲಯದ ಇಲಿಯ ಗಬ್ಬ ಕೇವಲ 21–22 ದಿನ. ಮೊದಲ ದಿನದಿಂದ ಕೊನೆಯ ದಿನದವರೆಗೆ ಕಂಠ ಹೇಗೆ ಬದಲಾಗುತ್ತದೆ ಎಂದು ದಿನದಿನವೂ ನೋಡಲು ಇಲಿಯಲ್ಲಿ ಸುಲಭ.

1959ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಎಂ. ಎಲ್. ಆರ್. ಹಾರ್ಕ್‌ನೆಸ್ ಮತ್ತು ಆರ್. ಡಿ. ಹಾರ್ಕ್‌ನೆಸ್ ಎಂಬ ವಿಜ್ಞಾನಿಗಳು ಇದನ್ನು ಅಳೆದು ಪ್ರಕಟಿಸಿದರು. ಅವರ ವಿಧಾನ ಸರಳವಾಗಿತ್ತು. ಗಬ್ಬದ ಬೇರೆ ಬೇರೆ ದಿನದ ಇಲಿಗಳ ಗರ್ಭಕಂಠವನ್ನು ಹೊರತೆಗೆದು, ಅದರ ತೂತಿನೊಳಗೆ ಎರಡು ಸಣ್ಣ ಸರಳು ತೂರಿಸಿ, ಒಂದನ್ನು ಅಲುಗದಂತೆ ಬಿಗಿದು, ಇನ್ನೊಂದಕ್ಕೆ ತೂಕ ಕಟ್ಟಿದರು. ಕಂಠ ಎಷ್ಟು ಹಿಗ್ಗುತ್ತದೆ, ಎಷ್ಟು ಹೊತ್ತಿನಲ್ಲಿ ಹಿಗ್ಗುತ್ತದೆ ಎಂದು ನೋಡಿದರು.

ಗಬ್ಬವಿಲ್ಲದ ಇಲಿಯ ಕಂಠ ತೂಕ ಕಟ್ಟಿದಾಗ ಸ್ವಲ್ಪ ಹಿಗ್ಗಿ ನಿಂತುಬಿಟ್ಟಿತು. ಗಬ್ಬ ತುಂಬಿದ ಇಲಿಯ ಕಂಠ ಹಾಗೆ ನಿಲ್ಲಲಿಲ್ಲ. ಅದೇ ತೂಕಕ್ಕೆ ನಿಧಾನವಾಗಿ, ಬಿಡದೆ, ಹಿಗ್ಗುತ್ತಲೇ ಹೋಯಿತು. ಇಲ್ಲಿ ಹಿಂಡುವ ಗರ್ಭಕೋಶವೇ ಇರಲಿಲ್ಲ, ಹೆರಿಗೆ ನೋವೂ ಇರಲಿಲ್ಲ. ಅಂದರೆ ನೋವು ಶುರುವಾಗುವ ಮೊದಲೇ ಕಂಠ ಒಳಗಿಂದೊಳಗೇ ಬೇರೆ ವಸ್ತುವಾಗಿ ಮಾರ್ಪಟ್ಟಿತ್ತು. ಇನ್ನೂ ಸೋಜಿಗವೆಂದರೆ, ಮರಿ ಹಾಕಿದ ಮೇಲೆ ಈ ಮೃದುತನ ಬಹಳ ಬೇಗ ಮಾಯವಾಗಿ ಕಂಠ ಮತ್ತೆ ಬಿಗಿಯಾಯಿತು.

ಈ ಪ್ರಯೋಗದಿಂದ ತಿಳಿದದ್ದು ಎರಡು ವಿಷಯ. ಒಂದು, ಕಂಠ ತೆರೆಯುವುದಕ್ಕೆ ಮೊದಲು ಹದವಾಗಬೇಕು. ಎರಡು, ಹದವಾದ ಕಂಠಕ್ಕೆ ದೊಡ್ಡ ಬಲ ಬೇಕಿಲ್ಲ. ಬೇಕಾದದ್ದು ಒಂದೇ ಸಮನಾದ ಸಣ್ಣ ಒತ್ತಡ ಮತ್ತು ಸಮಯ.

ತಮಟೆಯ ಚರ್ಮ ನೆನಪಿಸಿಕೊಳ್ಳಿ

ಹದವಾಗುವುದು ಎಂದರೇನು? ಗರ್ಭಕಂಠದಲ್ಲಿ ಸ್ನಾಯು ಇದೆ, ಆದರೆ ಅದರ ಗಟ್ಟಿತನಕ್ಕೆ ಮುಖ್ಯ ಕಾರಣ ಕೊಲಾಜೆನ್ ಎಂಬ ನಾರು. ಚರ್ಮದಲ್ಲಿ, ಮೂಳೆ ಹಿಡಿದಿಡುವ ನರಹುರಿಯಲ್ಲಿ ಇರುವುದೂ ಇದೇ ನಾರು. ಹುರಿ ಹೊಸೆದ ಹಗ್ಗದಂತೆ ಎಳೆ ಎಳೆ ಸೇರಿ, ಎಳೆಗಳ ನಡುವೆ ಅಡ್ಡ ಹೊಲಿಗೆ ಬಿದ್ದು ಇದು ಗಟ್ಟಿಯಾಗಿರುತ್ತದೆ.

ನಮ್ಮೂರ ಹಬ್ಬದ ತಮಟೆಯ ಚರ್ಮವೂ ಕೊಲಾಜೆನ್ನೇ. ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಬಿಗಿ ಮಾಡುತ್ತಾರೆ. ಮಳೆಯಲ್ಲಿ ನೆನೆದರೆ ಅದೇ ಚರ್ಮ ಸಡಿಲವಾಗಿ ನಾದವೇ ಹೊರಡುವುದಿಲ್ಲ. ಚರ್ಮ ಅದೇ, ನಾರೂ ಅದೇ. ನೀರು ಸೇರಿ ಎಳೆಗಳ ಬಿಗಿ ಹೋಗಿದೆ ಅಷ್ಟೇ. ಗರ್ಭಕಂಠದಲ್ಲಿ ಆಗುವುದನ್ನು ಹೆಚ್ಚುಕಡಿಮೆ ಹೀಗೆ ಊಹಿಸಿಕೊಳ್ಳಬಹುದು.

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸೌತ್‌ವೆಸ್ಟರ್ನ್ ವೈದ್ಯಕೀಯ ಕೇಂದ್ರವೂ ಸೇರಿ ಹಲವು ಕಡೆ ಸುಂಡಿಲಿಗಳ ಮೇಲೆ ನಡೆದ ಅಧ್ಯಯನಗಳು ಈ ಬದಲಾವಣೆಯನ್ನು ನಾಲ್ಕು ಹಂತವಾಗಿ ಗುರುತಿಸಿವೆ.

ಮೊದಲನೆಯದು ಮೆದುವಾಗುವುದು. 19 ದಿನದ ಗಬ್ಬದಲ್ಲಿ ಸುಮಾರು 12ನೇ ದಿನಕ್ಕೇ ಸುಂಡಿಲಿಯ ಕಂಠ ಅಳತೆಗೆ ಸಿಗುವಷ್ಟು ಮೆದುವಾಗಿರುತ್ತದೆ. ಹಳೆಯ ನಾರು ಹೋಗಿ ಹೊಸ ನಾರು ಬರುವಾಗ ಅದರಲ್ಲಿ ಅಡ್ಡ ಹೊಲಿಗೆಗಳು ಕಡಿಮೆ. ಆದರೂ ಬೀಗ ಮುಚ್ಚಿಯೇ ಇರುತ್ತದೆ.

ಎರಡನೆಯದು ಹಣ್ಣಾಗುವುದು. ಇದು ಹೆರಿಗೆಗೆ ಸ್ವಲ್ಪ ಮೊದಲು ವೇಗವಾಗಿ ಆಗುತ್ತದೆ. ನೀರನ್ನು ಹೀರಿ ಹಿಡಿದಿಡುವ ಹಯಲುರೊನಾನ್ ಎಂಬ ಲೋಳೆಯಂಥ ವಸ್ತು ಕಂಠದಲ್ಲಿ ಹೆಚ್ಚುತ್ತದೆ. ನಾರಿನ ಕಟ್ಟು ಬಿಡಿಸಿಕೊಂಡು ಚದುರುತ್ತದೆ.

ಮೂರನೆಯದು ತೆರೆದುಕೊಳ್ಳುವುದು. ಗರ್ಭಕೋಶದ ಹಿಂಡುವಿಕೆಗೆ ಈಗ ಮಾತ್ರ ಕೆಲಸ.

ನಾಲ್ಕನೆಯದು ದುರಸ್ತಿ. ಮರಿ ಹೊರಬಂದ ಕೂಡಲೇ ಕಂಠ ಮತ್ತೆ ಕಟ್ಟಿಕೊಳ್ಳಲು ತೊಡಗುತ್ತದೆ.

ಹಸುವಿನಲ್ಲಿ ದಿನಗಳ ಲೆಕ್ಕ ಬೇರೆ, ಹಾರ್ಮೋನುಗಳ ಲೆಕ್ಕದಲ್ಲೂ ಕೆಲವು ವ್ಯತ್ಯಾಸಗಳಿವೆ. ಆದರೆ ಮೂಲ ತತ್ವ ಇದೇ. ಮಾವು ಹಣ್ಣಾಗುವ ಮೊದಲು ಹಿಚುಕಿದರೆ ಕಾಯಿ ಒಡೆಯುತ್ತದೆಯೇ ಹೊರತು ಹಣ್ಣಾಗುವುದಿಲ್ಲ. ಕಂಠ ಹಣ್ಣಾಗುವ ಮೊದಲು ಕರು ಎಳೆದರೆ ಕಂಠ ಹರಿಯುತ್ತದೆ.

"ಸಮಯ ಆಯಿತು" ಎಂದು ಹೇಳುವವರು ಯಾರು?

ಇದಕ್ಕೆ ಉತ್ತರ ಸಿಕ್ಕಿದ್ದು ಕುರಿಗಳಿಂದ. ಕುರಿಯೂ ಹಸುವಿನಂತೆ ಮೆಲುಕು ಹಾಕುವ ಪ್ರಾಣಿ. ನ್ಯೂಜಿಲೆಂಡಿನ ವೈದ್ಯ ಗ್ರಹಾಂ ಲಿಗಿನ್ಸ್ 1960ರ ದಶಕದಲ್ಲಿ ಗಬ್ಬದ ಕುರಿಗಳ ಮೇಲೆ ಪ್ರಯೋಗ ಮಾಡಿದರು. ಹೊಟ್ಟೆಯೊಳಗಿನ ಮರಿಯ ಪಿಟ್ಯುಟರಿ ಗ್ರಂಥಿಯನ್ನು ನಾಶ ಮಾಡಿದಾಗ ಗಬ್ಬ ದಿನ ಮೀರಿ ಮುಂದುವರಿಯಿತು. ಮರಿಗೆ ಕಾರ್ಟಿಸಾಲ್ ಎಂಬ ಹಾರ್ಮೋನು ಕೊಟ್ಟಾಗ ದಿನಕ್ಕೆ ಮೊದಲೇ ಹೆರಿಗೆಯಾಯಿತು. ಅಂದರೆ ಹೊರಬರುವ ಗಳಿಗೆಯ ಸೂಚನೆ ಹೊರಡುವುದು ತಾಯಿಯಿಂದಲ್ಲ, ಮರಿಯಿಂದ.

ಈ ಕೆಲಸದಿಂದ ಮನುಷ್ಯರಿಗೂ ದೊಡ್ಡ ಉಪಕಾರವಾಯಿತು. ದಿನಕ್ಕೆ ಮೊದಲೇ ಹುಟ್ಟಿದ ಮರಿಗಳ ಶ್ವಾಸಕೋಶ ನಿರೀಕ್ಷೆಗಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದುದನ್ನು ಲಿಗಿನ್ಸ್ ಗಮನಿಸಿದರು. ಆ ಎಳೆ ಹಿಡಿದು ಹೋಗಿ, 1972ರಲ್ಲಿ ರಾಸ್ ಹೋವೀ ಅವರೊಂದಿಗೆ ಒಂದು ಅಧ್ಯಯನ ಪ್ರಕಟಿಸಿದರು. ಅವಧಿಗೆ ಮೊದಲೇ ಹೆರಿಗೆಯಾಗುವ ತಾಯಂದಿರಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗುವಿನ ಉಸಿರಾಟದ ತೊಂದರೆ ಕಡಿಮೆಯಾಗುತ್ತದೆ ಎಂದು ಅದು ತೋರಿಸಿತು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಆ ಇಂಜೆಕ್ಷನ್ನಿನ ಹಿಂದೆ ಕುರಿ ಕೊಟ್ಟಿಗೆಯ ಪಾಠವಿದೆ.

ಹಸುವಿನಲ್ಲೂ ಹಾಗೆಯೇ. ಕರು ಪೂರ್ಣ ಬೆಳೆದಾಗ ಅದರ ಕಾರ್ಟಿಸಾಲ್ ಏರುತ್ತದೆ. ಅದರಿಂದ ತಾಯಿಯಲ್ಲಿ ಗಬ್ಬ ಕಾಯುವ ಪ್ರೊಜೆಸ್ಟರೋನ್ ಇಳಿಯುತ್ತದೆ, ಈಸ್ಟ್ರೋಜನ್ ಏರುತ್ತದೆ, ಪ್ರೊಸ್ಟಗ್ಲಾಂಡಿನ್ ಹೊರಬರುತ್ತದೆ. ಇವೆಲ್ಲ ಸೇರಿ ಕಂಠವನ್ನು ಹಣ್ಣು ಮಾಡುತ್ತವೆ.

ಇದರಿಂದ ನೀವು ನೆನಪಿಡಬೇಕಾದ ಒಂದು ಮಾತಿದೆ. ಕುಂಟು, ಜ್ವರ, ಬಾವು ಎಂದು ಯಾವುದೇ ಚಿಕಿತ್ಸೆ ಕೊಡಿಸುವಾಗ "ಹಸು ಗಬ್ಬ ಇದೆ, ಇಷ್ಟು ತಿಂಗಳು" ಎಂದು ಮೊದಲು ಹೇಳಿ. ಬಾವಿಗೆ ಕೊಡುವ ಕೆಲವು ಸ್ಟೀರಾಯ್ಡ್ ಇಂಜೆಕ್ಷನ್‌ಗಳು ಗಬ್ಬದ ಕೊನೆಯ ತಿಂಗಳುಗಳಲ್ಲಿ ಕರುವಿನ ಕಾರ್ಟಿಸಾಲ್ ಕೊಡುವ ಸೂಚನೆಯನ್ನೇ ಕೊಟ್ಟು ಕಂದು ಹಾಕಿಸಬಹುದು. ಬೆದೆಗೆ ತರಲು ಕೊಡುವ ಪ್ರೊಸ್ಟಗ್ಲಾಂಡಿನ್ ಕೂಡ ಗಬ್ಬದ ಹಸುವಿಗೆ ಬಿದ್ದರೆ ಗಬ್ಬ ಹೋಗುತ್ತದೆ.

ಮೊಲ, ಆಕ್ಸಿಟೋಸಿನ್ ಮತ್ತು "ನೋವಿನ ಇಂಜೆಕ್ಷನ್"

1941ರಲ್ಲಿ ಕೆನಡಾದ ವಿಜ್ಞಾನಿ ಫರ್ಗ್ಯೂಸನ್ ಹೆರಿಗೆಗೆ ಬಂದ ಮೊಲಗಳಲ್ಲಿ ಒಂದು ವಿಷಯ ಕಂಡುಕೊಂಡರು. ಕಂಠದ ಭಾಗ ಒಳಗಿನಿಂದ ಹಿಗ್ಗಿದಾಗ ಮಿದುಳಿಗೆ ಸುದ್ದಿ ಹೋಗಿ, ಆಕ್ಸಿಟೋಸಿನ್ ಬಿಡುಗಡೆಯಾಗಿ, ಗರ್ಭಕೋಶ ಇನ್ನೂ ಜೋರಾಗಿ ಹಿಂಡುತ್ತದೆ. ಕರುವಿನ ಕಾಲು ಮತ್ತು ತಲೆ ಕಂಠವನ್ನು ಒತ್ತಿದಷ್ಟೂ ನೋವು ಹೆಚ್ಚುವುದು ಇದರಿಂದಲೇ.

ಆಕ್ಸಿಟೋಸಿನ್ ನಿಮಗೆ ಹೊಸದೇನಲ್ಲ. ಕರು ಬಿಟ್ಟಾಗ, ಕೆಚ್ಚಲು ತೊಳೆದು ಸವರಿದಾಗ ಹಸು ಹಾಲು ಇಳಿಸುವುದು ಇದೇ ಹಾರ್ಮೋನಿನಿಂದ. ಹೆದರಿದ ಹಸು ಹಾಲು ಕಟ್ಟಿಕೊಳ್ಳುವುದು ನಿಮಗೆ ಗೊತ್ತು. ಹಾಗೆಯೇ ಗಲಾಟೆ, ನಾಯಿ, ಜನಜಂಗುಳಿ ಇದ್ದರೆ ಹೆರಿಗೆಯೂ ತಡವಾಗುತ್ತದೆ.

ಈಗ "ನೋವಿನ ಇಂಜೆಕ್ಷನ್" ವಿಷಯಕ್ಕೆ ಬರೋಣ. ಹಿಂಡುವ ಬಲ ಹೆಚ್ಚಿಸುವುದಷ್ಟೇ ಅದರ ಕೆಲಸ. ಮುಚ್ಚಿದ ಕಂಠವನ್ನು ಅದು ಹಣ್ಣು ಮಾಡುವುದಿಲ್ಲ. ಬಾಗಿಲು ಮುಚ್ಚಿರುವಾಗ, ಅಥವಾ ಕರು ಅಡ್ಡ ಬಿದ್ದಿರುವಾಗ, ಅಥವಾ ಗರ್ಭಕೋಶ ತಿರುಚಿಕೊಂಡಿರುವಾಗ ಈ ಇಂಜೆಕ್ಷನ್ ಹಾಕಿಸಿದರೆ ಕರು ಉಸಿರುಗಟ್ಟಿ ಸಾಯಬಹುದು, ಗರ್ಭಕೋಶವೇ ಹರಿಯಬಹುದು. ವೈದ್ಯರ ಚೀಟಿ ಇಲ್ಲದೆ ಈ ಔಷಧ ಮಾರುವಂತೆಯೇ ಇಲ್ಲ. ಒಳಗೆ ಕೈಹಾಕಿ ಪರೀಕ್ಷಿಸಿದ ಪಶುವೈದ್ಯರು ಮಾತ್ರ ಇದನ್ನು ನಿರ್ಧರಿಸಬೇಕು.

ಹೊರಗೆ ಕಾಣುವ ಗುರುತುಗಳು

ಕಂಠ ನಿಮ್ಮ ಕಣ್ಣಿಗೆ ಕಾಣದು. ಆದರೆ ಅದು ಹದವಾಗುವ ಕಾಲದಲ್ಲೇ ದೇಹದ ಬೇರೆ ಭಾಗಗಳೂ ಸಡಿಲವಾಗುತ್ತವೆ. 1926ರಲ್ಲಿ ಅಮೆರಿಕದ ಫ್ರೆಡರಿಕ್ ಹಿಸಾ ಗಿನಿ ಇಲಿಗಳಲ್ಲಿ ಇಂಥ ಒಂದು ಹಾರ್ಮೋನನ್ನು ಗುರುತಿಸಿದರು. ಗಬ್ಬದ ಪ್ರಾಣಿಯ ರಕ್ತದ ಸಾರವನ್ನು ಗಬ್ಬವಿಲ್ಲದ ಗಿನಿ ಇಲಿಗೆ ಕೊಟ್ಟಾಗ ಅದರ ಸೊಂಟದ ಕಟ್ಟು ಸಡಿಲವಾಯಿತು. ಆ ಹಾರ್ಮೋನಿಗೆ ರಿಲ್ಯಾಕ್ಸಿನ್ ಎಂದು ಹೆಸರಾಯಿತು. ಇದು ಇಲ್ಲದಂತೆ ಮಾಡಿದ ಸುಂಡಿಲಿಗಳಲ್ಲಿ 1999ರಲ್ಲಿ ಕಂಡದ್ದು ಇನ್ನೂ ಕುತೂಹಲದ್ದು. ಅವು ಮರಿ ಹಾಕಿದವು, ಆದರೆ ಮೊಲೆತೊಟ್ಟು ಸರಿಯಾಗಿ ಬೆಳೆಯದೆ ಮರಿಗಳಿಗೆ ಹಾಲು ಸಿಗಲಿಲ್ಲ. ಹೆರುವ ಸಿದ್ಧತೆಯೂ ಹಾಲೂಡುವ ಸಿದ್ಧತೆಯೂ ದೇಹದಲ್ಲಿ ಜೊತೆಯಾಗಿ ನಡೆಯುತ್ತವೆ.

ಹಸುವಿನಲ್ಲಿ ನೀವು ನೋಡಬೇಕಾದದ್ದು:

• ಕೆಚ್ಚಲು ತುಂಬಿ ಇಳಿಯುವುದು, ಮೊಲೆಗಳು ಬಿಗಿದುಕೊಳ್ಳುವುದು.
• ಬಾಲದ ಬುಡದ ಎರಡೂ ಕಡೆ ಕಟ್ಟು ಸಡಿಲವಾಗಿ ಗುಳಿ ಬೀಳುವುದು. ಪ್ರತಿದಿನ ಸಂಜೆ ಅಲ್ಲಿ ಬೆರಳಿಟ್ಟು ಒತ್ತಿ ನೋಡುವ ರೂಢಿ ಮಾಡಿಕೊಳ್ಳಿ. ಹಗ್ಗದಂತೆ ಗಟ್ಟಿಯಿದ್ದದ್ದು ಮೆತ್ತಗಾದರೆ ದಿನ ಹತ್ತಿರ ಬಂದಿದೆ.
• ಯೋನಿಯ ತುಟಿಗಳು ಊದಿ ಮೆದುವಾಗುವುದು.
• ದಪ್ಪನಾದ, ಅಂಟಾದ ಲೋಳೆ ಜೋಲುವುದು. ಗಬ್ಬ ಕಾಯ್ದ ಬಿರಡೆ ಕರಗಿ ಬರುತ್ತಿದೆ ಎಂದು ಇದರ ಅರ್ಥ. ಲೋಳೆಗೆ ದುರ್ವಾಸನೆ ಇರಬಾರದು.

ಕೃತಕ ಗರ್ಭಧಾರಣೆಯ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಹಸುವಿಗೆ ಸುಮಾರು 280 ದಿನ, ಎಮ್ಮೆಗೆ ಸುಮಾರು 310 ದಿನ. ಜನವರಿ 1ರಂದು ಮಾಡಿಸಿದ್ದರೆ ಹಸು ಅಕ್ಟೋಬರ್ 8ರ ಆಸುಪಾಸು, ಎಮ್ಮೆ ನವೆಂಬರ್ 7ರ ಆಸುಪಾಸು ಕರು ಹಾಕಬೇಕು. ನಾಟಿ ಹಸುಗಳಲ್ಲಿ ಕೆಲವು ದಿನ ಮುಂದೆ ಹೋಗುವುದು ಸಹಜ.

ಗಂಟೆಗಳ ಲೆಕ್ಕ

ಹೆರಿಗೆಯ ಮೊದಲ ಹಂತ ಪೂರ್ತಿ ಕಂಠದ್ದು. ಹಸು ಚಡಪಡಿಸುತ್ತದೆ, ಗುಂಪಿನಿಂದ ದೂರ ನಿಲ್ಲುತ್ತದೆ, ಎದ್ದು ಮಲಗಿ ಮಾಡುತ್ತದೆ. ಜೋರಾಗಿ ತಿಣುಕುವುದಿಲ್ಲ. ಸಾಮಾನ್ಯವಾಗಿ ಇದಕ್ಕೆ 2ರಿಂದ 6 ಗಂಟೆ ಬೇಕು. ಚೊಚ್ಚಲ ಕಡಸಿಗೆ ಇನ್ನೂ ಹೆಚ್ಚು ಹಿಡಿಯಬಹುದು. ಈ ಹೊತ್ತಿನಲ್ಲಿ ನಿಮ್ಮ ಕೆಲಸ ಒಣ ಹುಲ್ಲು ಹಾಸುವುದು, ಕುಡಿಯಲು ನೀರಿಡುವುದು, ಹಗ್ಗ ಸಡಿಲ ಮಾಡುವುದು, ದೂರದಿಂದ ನೋಡುವುದು ಇಷ್ಟೇ. ಕೈ ಹಾಕಬೇಡಿ, ಎಳೆಯಬೇಡಿ. ಲೇಖನದ ಮೊದಲಿಗೆ ಹೇಳಿದ ಕಡಸು ಇರುವುದು ಈ ಹಂತದಲ್ಲೇ.

ಎರಡನೇ ಹಂತದಲ್ಲಿ ನೀರಿನ ಚೀಲ ಕಾಣುತ್ತದೆ, ಹಸು ಜೋರಾಗಿ ತಿಣುಕುತ್ತದೆ. ಎರಡು ಮುಂಗಾಲು, ಅವುಗಳ ಮೇಲೆ ಮೂತಿ, ಹೀಗೆ ಕರು ಬರಬೇಕು. ನೀರಿನ ಚೀಲ ಕಂಡು ಒಂದು ಗಂಟೆಯಾದರೂ, ಕಡಸಾದರೆ ಎರಡು ಗಂಟೆಯಾದರೂ, ಏನೂ ಮುಂದುವರಿಯದಿದ್ದರೆ ಫೋನ್ ಮಾಡಿ. ಒಂದೇ ಕಾಲು, ಬರೀ ಬಾಲ, ಅಥವಾ ಕಾಲಿದ್ದು ತಲೆ ಇಲ್ಲದಿದ್ದರೆ ಒಂದು ನಿಮಿಷವೂ ಕಾಯಬೇಡಿ.

ಸಹಾಯ ಮಾಡಬೇಕಾಗಿ ಬಂದರೆ, ಕಾಲು ಮತ್ತು ಮೂತಿ ಮೂರೂ ಹೊರಗೆ ಕಂಡ ಮೇಲೆ ಮಾತ್ರ. ಹಸು ತಿಣುಕಿದಾಗ ಎಳೆದು, ನಿಲ್ಲಿಸಿದಾಗ ನಿಲ್ಲಿಸಿ. ಇಬ್ಬರಿಗಿಂತ ಹೆಚ್ಚು ಜನ ಎಳೆಯಬೇಡಿ. ತಲೆ ಹೊರಬಂದ ಮೇಲೆ ಹಸುವಿನ ಹಿಂಗಾಲಿನ ಕಡೆಗೆ, ಕೆಳಮುಖವಾಗಿ ಎಳೆಯಿರಿ. ಇಲಿಯ ಕಂಠದ ಪಾಠ ನೆನಪಿರಲಿ: ಸಣ್ಣ ಬಲ, ಸಾಕಷ್ಟು ಸಮಯ.

ಕಂಠ ತೆರೆಯದೇ ಹೋದರೆ?

ಕಾಯುವುದೇ ಯಾವಾಗಲೂ ಸರಿ ಎಂದಲ್ಲ. 6–8 ಗಂಟೆ ಚಡಪಡಿಸಿದರೂ ನೀರಿನ ಚೀಲ ಬರದಿದ್ದರೆ ಒಳಗೆ ತೊಂದರೆ ಇದೆ ಎಂದು ತಿಳಿಯಿರಿ. ಸಾಮಾನ್ಯ ಕಾರಣಗಳು ಮೂರು.

ಗರ್ಭಕೋಶ ತಿರುಚಿಕೊಳ್ಳುವುದು ಮೊದಲನೆಯದು. ಎಮ್ಮೆಗಳ ಕಷ್ಟದ ಹೆರಿಗೆಗೆ ಇದು ಬಹು ಮುಖ್ಯ ಕಾರಣ. ಒದ್ದೆ ಬಟ್ಟೆ ಹಿಂಡಿದಂತೆ ದಾರಿ ತಿರುಚಿರುವುದರಿಂದ ಕರು ಕಂಠದ ಹತ್ತಿರ ಬರಲಾಗದು. ಇಲ್ಲಿ ಮೋಸ ಹೋಗುವುದು ಹೀಗೆ: ಸಂಜೆ ಚಡಪಡಿಸಿದ ಎಮ್ಮೆ ರಾತ್ರಿ ಸುಮ್ಮನಾಗುತ್ತದೆ. "ಸುಳ್ಳು ನೋವು, ಇನ್ನೂ ದಿನ ಇದೆ" ಎಂದು ಮನೆಯವರು ಮಲಗುತ್ತಾರೆ. ಎರಡು ದಿನ ಕಳೆಯುವುದರಲ್ಲಿ ಕರು ಸತ್ತಿರುತ್ತದೆ, ಎಮ್ಮೆಯ ಜೀವಕ್ಕೂ ಕುತ್ತು ಬಂದಿರುತ್ತದೆ. ಬೇಗ ಕರೆದರೆ ಡಾಕ್ಟರು ಎಮ್ಮೆಯನ್ನು ಮಲಗಿಸಿ, ಹೊಟ್ಟೆಯ ಮೇಲೆ ಹಲಗೆ ಇಟ್ಟು ಹೊರಳಿಸಿ ತಿರುಚು ಬಿಡಿಸಬಲ್ಲರು. ದಿನ ತುಂಬಿದ ಎಮ್ಮೆ ನೋವು ತೋರಿಸಿ ಸುಮ್ಮನಾದರೆ ಅದನ್ನು ಒಳ್ಳೆಯ ಸುದ್ದಿ ಎಂದುಕೊಳ್ಳಬೇಡಿ.

ಎರಡನೆಯದು ಕ್ಯಾಲ್ಸಿಯಂ ಕೊರತೆ. ಸ್ನಾಯು ಹಿಂಡಲು ಕ್ಯಾಲ್ಸಿಯಂ ಬೇಕು. ಹೆಚ್ಚು ಹಾಲಿನ, ಮೂರನೆಯ ಸೂಲು ದಾಟಿದ ಹಸುಗಳಲ್ಲಿ ಈ ತೊಂದರೆ ಹೆಚ್ಚು. ಕಿವಿ ತಣ್ಣಗಾಗಿ, ಹಸು ಮಂಕಾಗಿ, ಏಳಲಾರದೆ ಕೂತರೆ ತಕ್ಷಣ ಹೇಳಿ. ಆದರೆ ಕರು ಹಾಕುವ ಮುಂಚಿನ ವಾರಗಳಲ್ಲಿ ಡಾಕ್ಟರನ್ನು ಕೇಳದೆ ಕ್ಯಾಲ್ಸಿಯಂ ಟಾನಿಕ್ ಕುಡಿಸಬೇಡಿ. ಹೊರಗಿನಿಂದ ಹೆಚ್ಚು ಸಿಕ್ಕರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ದೇಹದ ಅಭ್ಯಾಸ ಮಂದವಾಗಿ, ಕರು ಹಾಕಿದ ಮೇಲೆ ಹಾಲು ಜ್ವರ ಬರುವ ಸಂಭವ ಹೆಚ್ಚು.

ಮೂರನೆಯದು ಹಳೆಯ ಗಾಯ. ಹಿಂದಿನ ಸೂಲಿನಲ್ಲಿ ಬಲವಂತವಾಗಿ ಎಳೆದು ಕಂಠ ಹರಿದಿದ್ದರೆ, ಅಲ್ಲಿ ಗಟ್ಟಿ ಕಲೆ ಕಟ್ಟಿರುತ್ತದೆ. ಆ ಜಾಗ ಮೆದುವಾಗಿ ಹಿಗ್ಗುವುದಿಲ್ಲ. ಅಂಥ ಹಸುವಿನಲ್ಲಿ ಕೃತಕ ಗರ್ಭಧಾರಣೆಯ ಗನ್ ದಾಟಿಸುವುದೂ ಕಷ್ಟ. ಒಂದು ರಾತ್ರಿಯ ಅವಸರಕ್ಕೆ ಮುಂದಿನ ಸೂಲುಗಳಲ್ಲಿ ಬೆಲೆ ಕಟ್ಟಬೇಕಾಗುತ್ತದೆ.

ಕರು ಹಾಕಿದ ಮೇಲೆ

ಬಾಗಿಲು ಬಹಳ ಹೊತ್ತು ತೆರೆದಿರುವುದಿಲ್ಲ. ಸಹಜ ಹೆರಿಗೆಯಾದ 10–12 ಗಂಟೆಗಳಲ್ಲಿ ಕಂಠದ ಮೂಲಕ ಕೈ ತೂರಿಸುವುದೇ ಕಷ್ಟವಾಗುತ್ತದೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಎರಡು ಬೆರಳು ಹೋದರೆ ಹೆಚ್ಚು. ಆದ್ದರಿಂದ ಒಂದು ಕರು ಬಂದ ಮೇಲೂ ಹಸು ತಿಣುಕುತ್ತಿದ್ದರೆ, ಹೊಟ್ಟೆಯಲ್ಲಿ ಇನ್ನೊಂದು ಕರು ಇರಬಹುದೆಂಬ ಅನುಮಾನ ಬಂದರೆ, ಬೆಳಗಾಗಲಿ ಎಂದು ಕೂರಬೇಡಿ.

ಕಸ ಸಾಮಾನ್ಯವಾಗಿ 12 ಗಂಟೆಯೊಳಗೆ ಬೀಳಬೇಕು. ಬೀಳದಿದ್ದರೆ ಅದಕ್ಕೆ ಕಲ್ಲು ಕಟ್ಟುವುದು, ಹಳೆಯ ಚಪ್ಪಲಿ ಕಟ್ಟುವುದು, ಕೈಯಿಂದ ಜಗ್ಗುವುದು ಬೇಡ. ಅರ್ಧ ಹರಿದು ಒಳಗುಳಿದ ತುಂಡು ಕೊಳೆತು, ಮುಚ್ಚಿದ ಕಂಠದ ಹಿಂದೆ ಕೀವು ತುಂಬುತ್ತದೆ. ಹಸು ಜ್ವರ ಬಂದು ಮೇವು ಬಿಟ್ಟರೆ, ದುರ್ವಾಸನೆಯ ಸ್ರಾವ ಬಂದರೆ ಡಾಕ್ಟರಿಗೆ ತೋರಿಸಿ. ಗರ್ಭಕೋಶ ಮತ್ತು ಕಂಠ ಮೊದಲಿನ ಸ್ಥಿತಿಗೆ ಬರಲು ಒಂದೂವರೆ ತಿಂಗಳಷ್ಟು ಬೇಕು. ಅದಕ್ಕೇ ಮುಂದಿನ ಗರ್ಭಧಾರಣೆಗೆ ಸುಮಾರು 60 ದಿನ ಕಾಯಿರಿ ಎಂದು ನಾವು ಹೇಳುವುದು.

ನಿಮ್ಮ ಆರೋಗ್ಯವೂ ಮುಖ್ಯ

ಬರಿಗೈಯಲ್ಲಿ ಕಸ, ನೀರಿನ ಚೀಲ, ಕಂದಾದ ಕರು ಮುಟ್ಟಬೇಡಿ. ಕಂದು ರೋಗದ ರೋಗಾಣು ಇದರಲ್ಲಿ ಹೇರಳವಾಗಿರುತ್ತದೆ. ಗಾಯವಾದ ಕೈಯಿಂದ ಅದು ಮನುಷ್ಯರಿಗೆ ಹರಡಿ, ಬಿಟ್ಟು ಬಿಟ್ಟು ಬರುವ ಜ್ವರ, ಕೀಲು ನೋವು ತರುತ್ತದೆ. ಕೈಗವಸು ಇಲ್ಲದಿದ್ದರೆ ಉದ್ದದ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಹಾಕಿಕೊಳ್ಳಿ, ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಕಸವನ್ನು ನಾಯಿ ಎಳೆಯದಂತೆ ಸುಣ್ಣ ಹಾಕಿ ಆಳವಾಗಿ ಹೂಳಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಕಂದು ರೋಗದ ಲಸಿಕೆ ತಪ್ಪದೆ ಹಾಕಿಸಿ.

ಇನ್ನೊಂದು ಮಾತು. ಪ್ರೊಸ್ಟಗ್ಲಾಂಡಿನ್ ಔಷಧ ಚರ್ಮದ ಮೂಲಕವೂ ಒಳಸೇರುತ್ತದೆ. ನಿಮ್ಮ ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ, ಅಥವಾ ಯಾರಿಗಾದರೂ ಆಸ್ತಮಾ ಇದ್ದರೆ, ಆ ಬಾಟಲಿಯನ್ನಾಗಲಿ ಸಿರಿಂಜನ್ನಾಗಲಿ ಅವರು ಮುಟ್ಟಬಾರದು. ಬಸುರಿಯರು ಹಸುವಿನ ಹೆರಿಗೆಯ ಕೆಲಸದಿಂದಲೂ ದೂರವಿರಲಿ.

ಕೊಟ್ಟಿಗೆಯ ಗೋಡೆಗೆ ಬರೆದು ಅಂಟಿಸಿ

1. ಚಡಪಡಿಕೆ ಮಾತ್ರ ಇದ್ದರೆ: ಕಾಯಿರಿ, ಕೈ ಹಾಕಬೇಡಿ.
2. 6–8 ಗಂಟೆ ಕಳೆದರೂ ನೀರಿನ ಚೀಲ ಇಲ್ಲದಿದ್ದರೆ: ಫೋನ್ ಮಾಡಿ.
3. ನೀರಿನ ಚೀಲ ಕಂಡು ಒಂದು ಗಂಟೆ, ಕಡಸಿಗೆ ಎರಡು ಗಂಟೆ ಕಳೆದರೂ ಮುಂದುವರಿಯದಿದ್ದರೆ: ಫೋನ್ ಮಾಡಿ.
4. ಕರು ಅಡ್ಡಾದಿಡ್ಡಿ ಕಂಡರೆ, ದುರ್ವಾಸನೆ ಅಥವಾ ಹೆಚ್ಚು ರಕ್ತ ಬಂದರೆ: ಕೂಡಲೇ ಫೋನ್ ಮಾಡಿ.
5. ದಿನ ತುಂಬಿದ ಎಮ್ಮೆ ನೋವು ತೋರಿಸಿ ಸುಮ್ಮನಾದರೆ: ಅದೇ ದಿನ ತೋರಿಸಿ.
6. ಪರೀಕ್ಷೆ ಮಾಡದೆ "ನೋವಿನ ಇಂಜೆಕ್ಷನ್": ಯಾವತ್ತೂ ಬೇಡ.

ಪಶುವೈದ್ಯರ ಮತ್ತು ಸಂಘದ ಕಾರ್ಯದರ್ಶಿಯವರ ಫೋನ್ ನಂಬರನ್ನು ಇದರ ಕೆಳಗೇ ದೊಡ್ಡದಾಗಿ ಬರೆದಿಡಿ. ಫೋನ್ ಮಾಡಿದಾಗ ಗರ್ಭಧಾರಣೆಯ ದಿನ, ಎಷ್ಟನೆಯ ಸೂಲು, ಚಡಪಡಿಕೆ ಎಷ್ಟು ಹೊತ್ತಿಗೆ ಶುರುವಾಯಿತು, ಏನು ಕಾಣುತ್ತಿದೆ ಎಂಬ ನಾಲ್ಕು ವಿಷಯ ಹೇಳಿ. ಯಾವ ಸಲಕರಣೆ ತರಬೇಕೆಂದು ಡಾಕ್ಟರಿಗೆ ಅಷ್ಟರಿಂದಲೇ ತಿಳಿಯುತ್ತದೆ.

ಮುಂದಿನ ಸಲ ಯಾರಾದರೂ ಹಗ್ಗ ಹಿಡಿದು ಕೊಟ್ಟಿಗೆಗೆ ಬಂದರೆ, "ತಡೀರಿ, ಬಾಗಿಲು ಇನ್ನೂ ಹಣ್ಣಾಗಿಲ್ಲ" ಎಂದು ಧೈರ್ಯವಾಗಿ ಹೇಳಿ. ಗಂಟೆ ನೋಡಿ. ಹೊತ್ತು ಮೀರಿದರೆ ಹಗ್ಗ ಬಿಟ್ಟು ಫೋನ್ ಕೈಗೆತ್ತಿಕೊಳ್ಳಿ. ಮುಂದಿನ ಮಹಿಳಾ ಸಭೆಯಲ್ಲಿ ಈ ಲೇಖನವನ್ನು ಓದಲು ಬಾರದ ಸದಸ್ಯೆಯರಿಗೂ ಓದಿ ಹೇಳಿ.